ಎಂಜಿನ್ ಬ್ಲಾಕ್ ಬಿರುಕು ಬಿಟ್ಟು ಆಯಿಲ್ ಸೋರುತ್ತಿದೆ: ಎಪಾಕ್ಸಿ ಸಾಕೇ, ಬ್ಲಾಕ್ ಬದಲಿಸಬೇಕೇ?

ಪ್ರಶ್ನೆ: ಬ್ರಹ್ಮಾವರದ ಜೀಪು

ಮಾನ್ಯರೇ, ನನ್ನ ಹಳೆಯ ಡೀಸೆಲ್ ಜೀಪಿನ ಎಂಜಿನ್ ಬ್ಲಾಕ್ ಬೀಡುಕಬ್ಬಿಣದ್ದು. ಎಂಜಿನ್ ಮೌಂಟಿಂಗ್ ಬದಲಾಯಿಸಿದ ಮೇಲೆ, ಬ್ರಾಕೆಟ್‌ನ ಬೋಲ್ಟ್ ಕೂರುವ ಜಾಗದಿಂದ ಕೆಳಕ್ಕೆ ಸುಮಾರು ಎರಡು ಅಂಗುಲ ಉದ್ದದ ತೆಳ್ಳಗಿನ ಗೆರೆಯೊಂದು ಕಾಣಿಸಿಕೊಂಡಿದ್ದು, ಎಂಜಿನ್ ಬಿಸಿಯಾದಾಗ ಅಲ್ಲಿಂದ ಆಯಿಲ್ ಜಿನುಗುತ್ತದೆ. ಕೂಲೆಂಟ್ ಕಡಿಮೆಯಾಗಿಲ್ಲ, ಅದು ಬೆರೆತು ಆಯಿಲ್ ಹಾಲಿನ ಬಣ್ಣಕ್ಕೂ ತಿರುಗಿಲ್ಲ. ಉಡುಪಿಯ ಒಂದು ಗ್ಯಾರೇಜಿನವರು ಬ್ಲಾಕನ್ನೇ ಬದಲಿಸಬೇಕು ಎಂದರೆ, ಇನ್ನೊಬ್ಬರು ಎಂ-ಸೀಲ್ (ಎಪಾಕ್ಸಿ ಅಂಟು) ಮೆತ್ತಿದರೆ ಸಾಕು ಎನ್ನುತ್ತಾರೆ. ಆಗಾಗ ಆಗುಂಬೆ ಘಾಟಿ ಹತ್ತಬೇಕಾದ ವಾಹನಕ್ಕೆ ನೆಚ್ಚಬಹುದಾದ ದುರಸ್ತಿ ಯಾವುದು?

ಉತ್ತರ: ಬೈಕಂಪಾಡಿ ಲೇತ್

ಸೋರಿಕೆ ಆ ಗೆರೆಯಿಂದಲೇ ಆಗುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದಲೋ ಆಯಿಲ್ ಪ್ರೆಶರ್ ಸ್ವಿಚ್‌ನಿಂದಲೋ ಇಳಿದು ಬಂದ ಎಣ್ಣೆ ಬ್ರಾಕೆಟ್‌ನ ಬುಡದಲ್ಲಿ ಸೇರಿ ಬಿರುಕಿನ ಭ್ರಮೆ ಹುಟ್ಟಿಸುವುದು ಅಪರೂಪವೇನಲ್ಲ. ಆ ಭಾಗವನ್ನು ಡೀಗ್ರೀಸರ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಎಂಜಿನ್ ಓಡಿಸಿದರೆ ಎಣ್ಣೆ ಎಲ್ಲಿಂದ ಹೊರಡುತ್ತದೆ ಎಂಬುದು ಕಾಣುತ್ತದೆ. ಬಿರುಕು ನಿಜವೆಂದಾದರೆ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿ: ಕೆಂಪು ದ್ರವವನ್ನು ಹಚ್ಚಿ, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದಾಗ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಬರಿಗಣ್ಣಿಗೆ ಕಾಣುವುದಕ್ಕಿಂತ ಅದು ಸಾಮಾನ್ಯವಾಗಿ ಉದ್ದವಾಗಿಯೇ ಇರುತ್ತದೆ.

ಮುಂದಿನ ನಿರ್ಧಾರವೆಲ್ಲ ಬಿರುಕಿನ ಹಿಂದೆ ಏನಿದೆ ಎಂಬುದರ ಮೇಲೆ ನಿಂತಿದೆ. ಅದು ಬರಿಯ ಕ್ರ್ಯಾಂಕ್‌ಕೇಸ್‌ನ (ಕ್ರ್ಯಾಂಕ್ ಶಾಫ್ಟ್ ತಿರುಗುವ ಕೆಳಭಾಗದ) ಗೋಡೆಯಾಗಿದ್ದರೆ ಒಳಗಿನಿಂದ ತಾಗುವುದು ಸಿಡಿಯುವ ಎಣ್ಣೆ ಮಾತ್ರ. ಆಗ ಲೋಹದ ಪುಡಿ ಬೆರೆತ, ಎಂಜಿನ್ ಶಾಖವನ್ನು ತಾಳುವ ಎಪಾಕ್ಸಿ ವರ್ಷಗಟ್ಟಲೆ ಬಾಳಬಲ್ಲದು. ಆಯಿಲ್ ಗ್ಯಾಲರಿ, ಅಂದರೆ ಬ್ಲಾಕಿನೊಳಗೆ ಪಂಪಿನ ಎಣ್ಣೆ ಹರಿಯುವ ಕಾಲುವೆ, ಹಾದುಹೋಗುವ ಜಾಗವಾದರೆ ಅಲ್ಲಿ ಎಂಜಿನ್ ವೇಗಕ್ಕೆ ತಕ್ಕಂತೆ ಸುಮಾರು 2ರಿಂದ 5 ಬಾರ್ ಒತ್ತಡವಿರುವುದರಿಂದ, ಹೊರಗಿನಿಂದ ಮೆತ್ತಿದ ಯಾವ ಅಂಟನ್ನೂ ನಾನು ನಂಬುವುದಿಲ್ಲ. ಒಳಗಿನ ಗಾಳಿ ಹೊರಹೋಗುವ ಬ್ರೀದರ್ ಕೊಳವೆ ಕಟ್ಟಿಕೊಂಡಿದ್ದರೆ ಕ್ರ್ಯಾಂಕ್‌ಕೇಸ್‌ನಲ್ಲಿಯೂ ಒತ್ತಡ ಏರುತ್ತದೆ, ಅದನ್ನೂ ನೋಡಿ.

ಉತ್ತರ: ಮಲ್ಪೆ ಬಂದರು

ಹಿಂದಿನವರು ಹೇಳಿದ ಪರೀಕ್ಷೆ ಸರಿ, ಆದರೆ ಎಪಾಕ್ಸಿಯ ಮಾತನ್ನು ಈ ಜಾಗಕ್ಕೆ ಒಪ್ಪಲಾರೆ. ಬಿರುಕು ಮೌಂಟಿಂಗ್ ಬೋಲ್ಟ್‌ನಿಂದಲೇ ಹೊರಟಿದೆ. ಎಂಜಿನ್‌ನ ತೂಕವನ್ನೂ, ಘಾಟಿಯಲ್ಲಿ ಕೆಳ ಗೇರಿನಲ್ಲಿ ಹತ್ತುವಾಗಿನ ತಿರುಚುವ ಬಲವನ್ನೂ ಹೊರುವುದು ಅದೇ ಜಾಗ. ಎಪಾಕ್ಸಿ ಎಣ್ಣೆಯನ್ನು ತಡೆಯಬಹುದೇ ಹೊರತು ಭಾರವನ್ನು ಹೊರುವುದಿಲ್ಲ. ತಳ ಮುಚ್ಚಿದ ಬೋಲ್ಟ್ ರಂಧ್ರದಲ್ಲಿ ಎಣ್ಣೆಯೋ ನೀರೋ ಉಳಿದಿರುವಾಗ ಇಂಪ್ಯಾಕ್ಟ್ ಗನ್‌ನಿಂದ ಬಿಗಿದರೆ, ಕುಗ್ಗಲಾರದ ಆ ದ್ರವವೇ ಬೀಡನ್ನು ಸೀಳಿಬಿಡುತ್ತದೆ. ನಿಮ್ಮಲ್ಲಿಯೂ ಹಾಗೆಯೇ ಆಗಿರುವ ಸಾಧ್ಯತೆ ಹೆಚ್ಚು.

ಸಾಮಾನ್ಯ ವೆಲ್ಡಿಂಗ್ ರಾಡಿನಿಂದ ಬೆಸೆಯಲು ಯಾರಾದರೂ ಮುಂದಾದರೆ ದಯವಿಟ್ಟು ಬೇಡವೆನ್ನಿ. ಬೀಡಿನಲ್ಲಿ ಇಂಗಾಲದ ಅಂಶ ಶೇಕಡಾ 2ಕ್ಕಿಂತ ಹೆಚ್ಚಿರುವುದರಿಂದ, ಬೇಗನೆ ತಣಿದ ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗಿ ಪಕ್ಕದಲ್ಲಿಯೇ ಹೊಸ ಬಿರುಕು ಹುಟ್ಟುತ್ತದೆ. ನಿಕಲ್ ರಾಡ್ ಬಳಸಿ, ಬ್ಲಾಕನ್ನು ಮೊದಲೇ ಕಾಯಿಸಿ, ನಿಧಾನವಾಗಿ ತಣಿಸಿ ಮಾಡುವ ಕ್ರಮ ಇದೆಯಾದರೂ ಸಿಲಿಂಡರ್ ಬೋರ್ ಸೊಟ್ಟಗಾಗುವ ಭಯ ತಪ್ಪಿದ್ದಲ್ಲ. ದೋಣಿಗಳ ದೊಡ್ಡ ಎಂಜಿನ್‌ಗಳಿಗೂ ನಾನು ಸೂಚಿಸುವುದು ಮೆಟಲ್ ಸ್ಟಿಚಿಂಗ್: ಬಿರುಕಿನ ಉದ್ದಕ್ಕೂ ರಂಧ್ರ ಕೊರೆದು, ಒಂದರ ಮೇಲೊಂದು ಸ್ವಲ್ಪ ಏರುವಂತೆ ಥ್ರೆಡ್ ಇರುವ ಪಿನ್‌ಗಳನ್ನು ತಿರುಗಿಸಿ, ಬಿರುಕಿಗೆ ಅಡ್ಡಲಾಗಿ ಎರಡೂ ಬದಿಯನ್ನು ಹಿಡಿಯುವ ಲೋಹದ ಲಾಕ್ ಕೂರಿಸುತ್ತಾರೆ. ಶಾಖದ ಹಂಗಿಲ್ಲ. ಎಂಜಿನ್ ಇಳಿಸಬೇಕಾಗುತ್ತದೆ, ಈ ಕೆಲಸ ಬಲ್ಲವರೂ ಕಡಿಮೆ, ಆದರೂ ನಿಮ್ಮ ಬಿರುಕಿಗೆ ಒಪ್ಪುವ ದುರಸ್ತಿ ಇದೇ.

ಉತ್ತರ: ಮಣಿಪಾಲ ಓದುಗ

ಬ್ಲಾಕ್ ಬದಲಿಸುವುದೇ ಆದರೆ ಒಂದು ಮಾತು. ಎಂಜಿನ್ ಸಂಖ್ಯೆ ಕೆತ್ತಿರುವುದು ಬ್ಲಾಕ್‌ನ ಮೇಲೆ. ಅದು ಬದಲಾದರೆ ಆರ್‌ಸಿಯ ವಿವರಕ್ಕೂ ವಾಹನಕ್ಕೂ ತಾಳೆಯಾಗುವುದಿಲ್ಲ. ಇಂಥ ಬದಲಾವಣೆಗಳನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಯಂತ್ರಿಸುತ್ತದೆ. ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ವಿಮಾ ಕಂಪನಿಗೂ ತಿಳಿಸಿ. ಗುಜರಿಯಿಂದ ತಂದ ಬ್ಲಾಕ್ ಆದರೆ ಅದರ ಮೂಲದ ದಾಖಲೆಯನ್ನು ಕೇಳದೆ ಹಣ ಕೊಡಬೇಡಿ.

ಉತ್ತರ: ಬೈಕಂಪಾಡಿ ಲೇತ್

ಮಲ್ಪೆಯವರ ಆಕ್ಷೇಪ ನ್ಯಾಯವಾದದ್ದು. ಭಾರ ಹೊರುವ ಜಾಗಕ್ಕೆ ಸ್ಟಿಚಿಂಗ್ ಮೇಲು. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಎಪಾಕ್ಸಿ ಹಾಕುವುದಾದರೆ, ಬಿರುಕಿನ ಎರಡು ತುದಿಗಳಲ್ಲಿ ಸುಮಾರು 3 ಮಿ.ಮೀ. ರಂಧ್ರ ಕೊರೆಸಿ ಅದು ಮುಂದುವರಿಯದಂತೆ ತಡೆಯಿರಿ, ಆದರೆ ಕೊರೆದ ಲೋಹದ ಚೂರು ಒಳಗೆ ಬೀಳಬಾರದು. ಬಳಿಕ ಗೆರೆಯನ್ನು ವಿ ಆಕಾರಕ್ಕೆ ಉಜ್ಜಿ ಅಸಿಟೋನ್‌ನಿಂದ ಒರೆಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ತಣ್ಣನೆಯ ಬೀಡಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುವುದರಿಂದ, ಹೀಟ್ ಗನ್‌ನಿಂದ ಕೈ ತಾಳುವಷ್ಟು ಬೆಚ್ಚಗೆ ಮಾಡಿದ ಮೇಲೆಯೇ ಹಚ್ಚಿ, ಪೊಟ್ಟಣದ ಮೇಲೆ ಬರೆದಿರುವ ಪೂರ್ತಿ ಅವಧಿ ಗಟ್ಟಿಯಾಗಲು ಬಿಡಿ. ಸ್ಟಿಚಿಂಗ್ ಆಗುವ ತನಕ ಘಾಟಿ ಹತ್ತಬೇಡಿ, ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಅನ್ನು ಪ್ರತಿದಿನ ನೋಡಿ.