‘ಮಾಸಿದ’ ಪುಟವೋ, ‘ಮಸುಕಾದ’ ಪುಟವೋ?

ಡಿಜಿಟಲ್ ಗ್ರಂಥಾಲಯಕ್ಕಾಗಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳನ್ನು ಪುಟಪುಟವಾಗಿ ನೋಡಿ ದರ್ಜೆ ಕೊಡುವ ಸ್ವಯಂಸೇವಕರಿಗಾಗಿ ಪದಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಪುಟ ಬಿಟ್ಟುಹೋಗಿದೆ, ಅಂಚು ಕತ್ತರಿಸಿದೆ, ಓರೆಯಾಗಿದೆ, ಬೆರಳು ಬಿದ್ದಿದೆ ಎಂಬ ಮಾತುಗಳಿಗೆ ಯಾರದೂ ತಕರಾರಿಲ್ಲ. ತೊಡಕಿರುವುದು ‘ಮಸುಕು’ ಎಂಬಲ್ಲಿ. ಓದಲಾಗದ ಪುಟಕ್ಕೆಲ್ಲ ಅದೊಂದನ್ನೇ ಬರೆಯುತ್ತಾರೆ. ಆದರೆ ಮಸಿಯೇ ಬಣ್ಣಗೆಟ್ಟ ಪುಟ ಬೇರೆ, ಕ್ಯಾಮೆರಾದ ಫೋಕಸ್ ತಪ್ಪಿದ ಪುಟ ಬೇರೆ. ಫೋಕಸ್ ತಪ್ಪಿದ್ದರೆ ಅದೇ ಪುಸ್ತಕವನ್ನು ಮತ್ತೆ ಸ್ಕ್ಯಾನ್ ಮಾಡಿದರಾಯಿತು. ಮಸಿ ಕೆಟ್ಟಿದ್ದರೆ ಇನ್ನೊಂದು ಪ್ರತಿಯನ್ನೇ ಹುಡುಕಬೇಕು. ದೋಷ ಕಾಗದದ್ದೋ ಚಿತ್ರದ್ದೋ ಎಂಬುದನ್ನು ಪದವೇ ಹೇಳಿಬಿಡಬೇಕು ಎಂಬುದು ನನ್ನ ಆಸೆ.

ನನ್ನ ಕಿವಿಗೆ ‘ಮಾಸು’ ವಸ್ತುವಿಗೆ ಅಂಟಿಕೊಂಡ ಮಾತು. ಬಟ್ಟೆ ಮಾಸುತ್ತದೆ, ಗೋಡೆಯ ಬಣ್ಣ ಮಾಸುತ್ತದೆ, ಗಾಯದ ಗುರುತೂ ನೆನಪೂ ಮಾಸುತ್ತವೆ. ಬಳಕೆಯಿಂದಲೋ ಕಾಲದಿಂದಲೋ ಆದದ್ದು ಎಂಬ ಭಾವ ಎಲ್ಲದರಲ್ಲೂ ಇದೆ. ‘ಮಸುಕು’ ನೋಟಕ್ಕೆ ಸೇರಿದ್ದು: ಮಸುಕು ಬೆಳಕು, ಮಸುಕಾದ ಕಣ್ಣು. ಹಾಗಾಗಿ ಕಾಗದದ ದೋಷಕ್ಕೆ ‘ಮಾಸಿದೆ’, ಚಿತ್ರದ ದೋಷಕ್ಕೆ ‘ಮಸುಕಾಗಿದೆ’ ಎಂದು ಗೊತ್ತುಮಾಡಬಹುದೇ? ಈ ವ್ಯತ್ಯಾಸ ನಿಮ್ಮ ಬಳಕೆಯಲ್ಲೂ ಇದೆಯೇ, ನನಗೊಬ್ಬನಿಗೇ ಹಾಗೆ ಕೇಳಿಸುತ್ತಿದೆಯೇ? ‘ಮಬ್ಬು’ ಬೇಡ ಎನ್ನುತ್ತೇನೆ. ಬೆಳಕು ಸಾಲದು ಎಂಬ ಅರ್ಥವೇ ಅಲ್ಲಿ ಮುಂದಾಗುತ್ತದೆ.

ಇನ್ನೂ ಸೂಕ್ಷ್ಮವಾದದ್ದು ಮಹಾಪ್ರಾಣದ ಹೊಟ್ಟೆ ಸೀಳು. ‘ಧನ’ದ ಮೊದಲ ಅಕ್ಷರದ ಕೆಳಗಿನ ಆ ಕೂದಲೆಳೆಯಷ್ಟು ಬಿಳುಪು ಮುಚ್ಚಿಹೋದರೆ ಉಳಿಯುವುದು ‘ದನ’. ಮುದ್ರಣದಲ್ಲೇ ಅಚ್ಚುಮೊಳೆ ಸವೆದು ಸೀಳಿನಲ್ಲಿ ಮಸಿ ತುಂಬಿರಬಹುದು. ಅಥವಾ ಬೂದು ಛಾಯೆಗಳನ್ನು ತೆಗೆದು ಪುಟವನ್ನು ಬರೀ ಕಪ್ಪು ಬಿಳುಪಿಗೆ ಇಳಿಸುವಾಗ ಮುಚ್ಚಿರಬಹುದು. ಮೊದಲನೆಯದಕ್ಕೆ ‘ಮಸಿ ಕಟ್ಟಿದೆ’, ಎರಡನೆಯದಕ್ಕೆ ‘ಸೀಳು ಮುಚ್ಚಿದೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಎರಡನೆಯದು ತೃಪ್ತಿ ಕೊಟ್ಟಿಲ್ಲ. ಮುಚ್ಚಿದ್ದು ಯಂತ್ರ ಎಂಬುದು ಅದರಲ್ಲಿ ಬರುವುದೇ ಇಲ್ಲ.

ಇದೇ ಕಾರಣಕ್ಕೆ ಅತ್ಯುತ್ತಮ ದರ್ಜೆಗೆ ‘ಸ್ಪಷ್ಟ’ ಎಂಬ ಹೆಸರನ್ನು ನಾನು ಒಪ್ಪಲಾರೆ. ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ 6 ಇದ್ದಲ್ಲಿ 8 ಕೂರಿಸುತ್ತಿದ್ದುದನ್ನು 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ತೋರಿಸಿಕೊಟ್ಟರು. ಕಡತದ ಗಾತ್ರ ಕುಗ್ಗಿಸಲು, ಹೋಲುವ ಆಕಾರಗಳಿಗೆಲ್ಲ ಒಂದೇ ಆಕಾರವನ್ನು ಬಳಸುವ ತಂತ್ರದಿಂದ ಆದ ಎಡವಟ್ಟು ಅದು. ಅಂಕಿಗಳು ಸ್ಪಷ್ಟವಾಗಿಯೇ ಇದ್ದವು, ಆದರೆ ತಪ್ಪಾಗಿದ್ದವು. ಕನ್ನಡದ ದ-ಧ, ಪ-ಫ, ಡ-ಢ ಜೋಡಿಗಳನ್ನು ನೆನೆದರೆ ಭಯವಾಗುತ್ತದೆ. ‘ಮೂಲದಂತಿದೆ’ ಎಂಬುದು ನನ್ನ ಸಲಹೆ. ಮಾತು ಸಪ್ಪೆಯೆನಿಸಬಹುದು, ಆದರೆ ಸ್ವಯಂಸೇವಕರು ಉತ್ತರಿಸಬೇಕಾದ ಪ್ರಶ್ನೆ ಅದೇ.

ಕೊನೆಯದಾಗಿ, ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರಗಳು ಈ ಬದಿಗೂ ಕಾಣುವ ದೋಷ. ಮಸಿಯೇ ಕಾಗದದೊಳಗೆ ಹಾಯ್ದು ಬಂದಿದ್ದರೆ ‘ಮಸಿ ಇಳಿದಿದೆ’ ಎನ್ನಬಹುದು. ಬೆಳಕು ಹಾಯ್ದು ಬರೀ ನೆರಳಿನಂತೆ ಕಂಡಿದ್ದರೆ, ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟು ಮತ್ತೆ ಸ್ಕ್ಯಾನ್ ಮಾಡಿದಾಗ ಬಹುಮಟ್ಟಿಗೆ ಹೋಗುತ್ತದೆ. ಈ ಎರಡನೆಯದಕ್ಕೆ ‘ಹಿಂಬದಿ ಇಣುಕು’ ಎಂದು ಒಬ್ಬರು ಸೂಚಿಸಿದ್ದಾರೆ. ಅಚ್ಚಿನ ಮನೆಯಲ್ಲಿ, ರಟ್ಟು ಕಟ್ಟುವವರಲ್ಲಿ ಇದಕ್ಕೆ ಬಳಕೆಯ ಮಾತು ಇದ್ದೇ ಇರಬೇಕು. ಬಲ್ಲವರು ತಿಳಿಸಿದರೆ ಅದನ್ನೇ ಪಟ್ಟಿಗೆ ಸೇರಿಸುತ್ತೇನೆ.