ಬೋರ್ ಘಾಟಿನ ಸ್ಪೀಡ್ ಚಲನ್: 2,000 ಕಟ್ಟಿಬಿಡೋದಾ, ಕೋರ್ಟಿಗೆ ಹೋಗೋದಾ?

ವಾಕಡ್ ಸವಾರ:

ಎಲ್ಲರಿಗೂ ನಮಸ್ಕಾರ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ, ಬೋರ್ ಘಾಟ್, ಪುಣೆ ಕಡೆಗೆ ಏರುವ ಮಗ್ಗುಲು. ಕಾರಿಗೆ ಮಿತಿ 60, ಚಲನ್‌ನಲ್ಲಿ ತೋರಿಸಿದ ವೇಗ 74, ದಂಡ 2,000 ರೂಪಾಯಿ. ಗಾಡಿ ಅಪ್ಪನ ಹೆಸರಿನಲ್ಲಿದೆ, ಓಡಿಸುತ್ತಿದ್ದವನು ನಾನು. ಫೋಟೋದಲ್ಲಿ ನಮ್ಮ ನಂಬರ್ ಪ್ಲೇಟ್ ಸ್ಪಷ್ಟವಾಗಿಯೇ ಇದೆ, ಆದರೆ ಪಕ್ಕದ ಲೇನಿನಲ್ಲಿ ಇನ್ನೊಂದು ಗಾಡಿಯೂ ಕಾಣುತ್ತದೆ. ತಕರಾರು ಎತ್ತಿದರೆ ಪ್ರಯೋಜನ ಉಂಟೇ? ಕೋರ್ಟಿಗೆ ಹೋದರೆ ದಂಡ ಇನ್ನೂ ಏರುತ್ತದೆಯೇ? ಸುಮ್ಮನೆ ಕಟ್ಟಿಬಿಟ್ಟರೆ ಅಲ್ಲಿಗೆ ಮುಗಿಯಿತೇ? ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಶಿವಾಜಿನಗರ ವಕೀಲ:

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಹೆಚ್ಚಿನವರು ಎಡವುವುದು ಅಲ್ಲೇ.

ಹಣ ಕಟ್ಟಿದರೆ ಆ ಚಲನ್ ಮುಗಿಯುತ್ತದೆ, ತಪ್ಪು ಲೆಕ್ಕದಿಂದ ಹೋಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ನಿಗೆ 2019ರ ತಿದ್ದುಪಡಿಯಲ್ಲಿ ಒಂದು ಮಾತು ಸೇರಿದೆ: ದಂಡ ಕಟ್ಟಿ ರಾಜಿ ಮಾಡಿಕೊಂಡಿದ್ದರೂ, ಮುಂದೆ ಅದೇ ತಪ್ಪು ಮತ್ತೆ ನಡೆದಾಗ ಇದನ್ನು ಹಿಂದಿನ ತಪ್ಪೆಂದೇ ಎಣಿಸಬೇಕು. ಅತಿವೇಗಕ್ಕೆ ಶಿಕ್ಷೆ ಇರುವುದು 183ನೇ ಸೆಕ್ಷನ್ನಿನಲ್ಲಿ. ಕಾರಿಗೆ 1,000ದಿಂದ 2,000 ರೂಪಾಯಿ, ಭಾರೀ ವಾಹನಗಳಿಗೆ 2,000ದಿಂದ 4,000. ಎರಡನೇ ಸಲ ಸಿಕ್ಕಿದರೆ ಲೈಸೆನ್ಸೇ ಜಪ್ತಿ. 206(4)ರ ಅಡಿ ಜಪ್ತಿಯಾದ ಲೈಸೆನ್ಸ್ ಆರ್‌ಟಿಒಗೆ ಹೋದರೆ, 19ನೇ ಸೆಕ್ಷನ್ನಿನ ಪ್ರಕಾರ ನಿಮ್ಮ ಮಾತು ಕೇಳಿದ ಮೇಲೆ ಮೂರು ತಿಂಗಳು ಅನರ್ಹಗೊಳಿಸಬಹುದು, ಮತ್ತೆ ಆದರೆ ರದ್ದು. ಹಾಗಾಗಿ ಬರೀ ಎರಡು ಸಾವಿರದ ತೂಕ ಹಾಕಿ ತೀರ್ಮಾನಿಸಬೇಡಿ. ವಾರವಾರ ಮುಂಬಯಿಗೆ ಓಡಾಡುವವರಿಗೆ ಈ ಮೊದಲ ಚಲನ್ ಸರಿಯೋ ತಪ್ಪೋ ಎಂಬುದು ಹಣಕ್ಕಿಂತ ದೊಡ್ಡ ವಿಷಯ.

ದಂಡ ಏರುವ ಭಯ ಬೇಡ. ಮೊದಲ ಸಲದ ತಪ್ಪಿಗೆ ಕಾರಿನ ಗರಿಷ್ಠ ದಂಡವೇ 2,000, ನಿಮಗೆ ಹಾಕಿರುವುದೂ ಅದೇ. ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡರೂ ಅದೇ ಮಿತಿಯೊಳಗೆ ಇಳಿಸುವ ಅಧಿಕಾರ ಅವರಿಗಿದೆ. ಏರುವುದು ನಿಮ್ಮ ಖರ್ಚು: ವಕೀಲರ ಫೀಸು, ರಜೆ, ಓಡಾಟ.

ಇನ್ನು ತಕರಾರಿಗೆ ಹುರುಳಿದೆಯೇ ಎಂದು ನೋಡುವ ಬಗೆ. ಕ್ಯಾಮೆರಾ ಚಲನ್‌ಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 167ಎ ನಿಯಮವೇ ಆಧಾರ, 2021ರ ಆಗಸ್ಟ್‌ನಲ್ಲಿ ಬಂದದ್ದು. ಅದರ ಪ್ರಕಾರ ಯಂತ್ರಕ್ಕೆ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಅನುಮೋದನಾ ಪತ್ರ ಇರಬೇಕು, ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಕ್ಯಾಮೆರಾ ಇರುವ ಭಾಗಕ್ಕೆ ಮೊದಲೇ ಕಣ್ಣಿಗೆ ಬೀಳುವಂತೆ ಎಚ್ಚರಿಕೆ ಫಲಕ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸು ಕಳಿಸಬೇಕು. ಚಲನ್ ಜೊತೆ ನಂಬರ್ ಪ್ಲೇಟ್ ಕಾಣುವ ಫೋಟೋ, ಯಂತ್ರ ಅಳೆದ ವೇಗ, ದಿನಾಂಕ, ಹೊತ್ತು, ಜಾಗ, ಯಾವ ಸೆಕ್ಷನ್ ಉಲ್ಲಂಘನೆ ಎಂಬುದು, ಅಧಿಕಾರಿಯ ಸಹಿ ಇರುವ ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ, ಇಷ್ಟೂ ಬೇಕು. ನಿಯಮದಲ್ಲಿ ಈ ಪ್ರಮಾಣಪತ್ರಕ್ಕೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಎಂದಿದೆ. 2024ರ ಜುಲೈ 1ರಿಂದ ಆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಬಂದಿದೆ. ನಿಮ್ಮ ಚಲನ್ ತೆರೆದು ಇವನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳಿ. ಇಲ್ಲದ್ದು ಯಾವುದೋ ಅದೇ ನಿಮ್ಮ ತಕರಾರು.

ಫಲಕದ ವಿಷಯವನ್ನು ಹಗುರವಾಗಿ ನೋಡಬೇಡಿ. ಮೋಟಾರು ವಾಹನ ಕಾಯ್ದೆಯ 112(2)ರ ಪ್ರಕಾರ ರಾಜ್ಯವು ವೇಗಮಿತಿ ಇಳಿಸಬೇಕಾದರೆ ಅಧಿಸೂಚನೆಯೂ ಬೇಕು, ರಸ್ತೆಯಲ್ಲಿ ಫಲಕವೂ ಬೇಕು. ಎಕ್ಸ್‌ಪ್ರೆಸ್‌ವೇಯ ಬಯಲು ಭಾಗದಲ್ಲಿ ಕಾರಿಗೆ 100, ಘಾಟಿನಲ್ಲಿ 60. ನೂರರಿಂದ ಅರವತ್ತಕ್ಕೆ ಇಳಿಯುವ ಕಡೆ ಫಲಕ ಎಲ್ಲಿದೆ, ಮರೆಯಾಗಿದೆಯೇ ಎಂಬುದು ನಿಜವಾಗಿ ವಾದಕ್ಕೆ ನಿಲ್ಲುವ ಅಂಶ. ಆದರೆ ಬೋರ್ ಘಾಟಿನಲ್ಲಿ ಫಲಕಗಳು ಹಲವು ಕಡೆ ಇವೆ. ನಿಮ್ಮ ಚಲನ್‌ನಲ್ಲಿರುವ ಜಾಗಕ್ಕೆ ಮೊದಲು ಫಲಕ ಇಲ್ಲವೆಂದು ಡ್ಯಾಶ್‌ಕ್ಯಾಮ್ ದೃಶ್ಯ ತೋರಿಸಿದರೆ ಮಾತ್ರ ಈ ದಾರಿ ಹಿಡಿಯಿರಿ.

ಕಾಲಮಿತಿ ಇನ್ನೊಂದು. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧವನ್ನು ಆರು ತಿಂಗಳು ದಾಟಿದ ಮೇಲೆ ಕೋರ್ಟು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ, ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 514ನೇ ಸೆಕ್ಷನ್. ಇಲ್ಲಿ ಲೆಕ್ಕಕ್ಕೆ ಬರುವುದು ಪೊಲೀಸರು ಕೋರ್ಟಿಗೆ ಸಲ್ಲಿಸಿದ ದಿನ, ಸಮನ್ಸ್ ನಿಮ್ಮ ಕೈ ಸೇರಿದ ದಿನವಲ್ಲ. ತಡಕ್ಕೆ ತಕ್ಕ ಕಾರಣ ಕೊಟ್ಟರೆ ಅಥವಾ ನ್ಯಾಯದ ಹಿತಕ್ಕೆ ಅಗತ್ಯವೆನಿಸಿದರೆ 519ರಡಿ ಕೋರ್ಟು ತಡವನ್ನು ಮನ್ನಿಸಲೂಬಹುದು. ಹಾಗಾಗಿ ಆರು ತಿಂಗಳು ಕಳೆಯಲಿ ಎಂದು ಕೈಕಟ್ಟಿ ಕೂರುವುದು ಒಳ್ಳೆಯ ಯೋಜನೆಯಲ್ಲ.

ಅಪ್ಪನ ಹೆಸರಿನ ಬಗ್ಗೆ: ಅತಿವೇಗದ ಹೊಣೆ ಓಡಿಸಿದವರದು, ಆದರೆ ನೋಟಿಸು ಬರುವುದು ಮಾಲೀಕರಿಗೆ. 133ನೇ ಸೆಕ್ಷನ್ನಿನಡಿ ಪೊಲೀಸರು ಕೇಳಿದರೆ ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡುವುದು ಅವರ ಕರ್ತವ್ಯ. ನಿಮ್ಮ ಲೈಸೆನ್ಸ್ ಉಳಿಸಲು ಅಪ್ಪನೇ ಓಡಿಸುತ್ತಿದ್ದರು ಎಂದು ಹೇಳಿಸುವ ಯೋಚನೆ ಬಂದರೆ ಅಲ್ಲೇ ಬಿಡಿ. ಸುಳ್ಳು ಹೇಳಿಕೆ ಬೇರೆಯೇ ಅಪರಾಧ, ವೇಗಕ್ಕಿಂತ ಎಷ್ಟೋ ದೊಡ್ಡದು.

ಮಾಹಿಮ್ ಮಾಪನ:

ಕಾನೂನನ್ನು ವಕೀಲರು ಹೇಳಿದ್ದಾರೆ. ನಾನು ಯಂತ್ರದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಜನ ಇಲ್ಲಿ ಸೋಲುವ ವಾದವನ್ನೇ ಹೆಚ್ಚು ಹಿಡಿಯುತ್ತಾರೆ.

ಮೊದಲು ತಿಳಿಯಬೇಕಾದ್ದು, 74 ಎಂಬುದು ಒಂದು ಬಿಂದುವಿನಲ್ಲಿ ಅಳೆದ ವೇಗವೋ, ಎರಡು ಕ್ಯಾಮೆರಾ ನಡುವಿನ ಸರಾಸರಿಯೋ. ಎಕ್ಸ್‌ಪ್ರೆಸ್‌ವೇಯಲ್ಲಿ 2024ರಿಂದ ನಡೆಯುತ್ತಿರುವ ಐಟಿಎಂಎಸ್ ಎಂಬ ಕ್ಯಾಮೆರಾ ಸಂಚಾರ ನಿಗಾ ವ್ಯವಸ್ಥೆಯಲ್ಲಿ ಎರಡೂ ಬಗೆ ಇವೆ. ಸರಾಸರಿಯಾದರೆ ಪಕ್ಕದ ಲೇನಿನ ಗಾಡಿಯ ಮಾತೇ ಏಳುವುದಿಲ್ಲ ಮಾರಾಯ್ರೆ. ಎರಡೂ ಕಡೆ ಓದುವುದು ನಂಬರ್ ಪ್ಲೇಟನ್ನು, ಭಾಗಿಸುವುದು ದೂರವನ್ನು ಸಮಯದಿಂದ. ಆಗ ಉಳಿಯುವ ಪ್ರಶ್ನೆ ಗಡಿಯಾರ ಮತ್ತು ದೂರ. ಎರಡು ಕ್ಯಾಮೆರಾ ನಡುವೆ 8 ಕಿ.ಮೀ. ಇದೆ ಎಂದುಕೊಳ್ಳಿ. 60ರಲ್ಲಿ ಹೋದರೆ 8 ನಿಮಿಷ, 74ರಲ್ಲಿ ಸುಮಾರು 6 ನಿಮಿಷ 29 ಸೆಕೆಂಡು. ಗಡಿಯಾರ ಒಂದೂವರೆ ನಿಮಿಷ ತಪ್ಪಿದ್ದರೆ ಮಾತ್ರ ನೀವು ನಿರಪರಾಧಿ. ನೆಟ್‌ವರ್ಕಿನಲ್ಲಿ ಸಮಯ ಹೊಂದಿಸಿಕೊಳ್ಳುವ ಕ್ಯಾಮೆರಾದಲ್ಲಿ ಅಷ್ಟು ವ್ಯತ್ಯಾಸ ಬರುವುದು ಕಷ್ಟ. ಅದೇ ಅಂತರ 500 ಮೀಟರ್ ಆಗಿದ್ದರೆ 60ಕ್ಕೆ 30 ಸೆಕೆಂಡು, 74ಕ್ಕೆ 24 ಚಿಲ್ಲರೆ. ಅಲ್ಲಿ ಎರಡು ಸೆಕೆಂಡಿನ ತಪ್ಪೂ 60ನ್ನು 64 ಮಾಡಿ ತೋರಿಸುತ್ತದೆ. ಆದ್ದರಿಂದ ಕೇಳಬೇಕಾದ ಮೊದಲ ಅಂಕಿ ಕ್ಯಾಮೆರಾಗಳ ನಡುವಿನ ಅಂತರ.

ಬಿಂದುವೇಗವಾದರೆ ನಿಮ್ಮ ಫೋಟೋಕ್ಕೆ ಬೆಲೆ ಬರುತ್ತದೆ. ರಾಡಾರ್ ಕಿರಣ ಅಗಲವಾಗಿ ಹರಡುತ್ತದೆ, ಅದರೊಳಗೆ ಎರಡು ಗಾಡಿ ಇದ್ದರೆ ವೇಗ ಯಾರದ್ದು ಎಂದು ಬೇರ್ಪಡಿಸುವ ಕೆಲಸ ಯಂತ್ರದ್ದು. ಹೊಸ ಯಂತ್ರಗಳು ಪ್ರತಿ ಗಾಡಿಯನ್ನು ಪ್ರತ್ಯೇಕವಾಗಿ ಹಿಂಬಾಲಿಸಿ ಫೋಟೋದ ಮೇಲೆ ಲೇನ್ ಸಂಖ್ಯೆಯನ್ನೋ ಚೌಕವನ್ನೋ ಮೂಡಿಸುತ್ತವೆ. ಆ ಗುರುತು ನಿಮ್ಮ ಗಾಡಿಯ ಮೇಲಿದೆಯೇ ನೋಡಿ. ಗುರುತೇ ಇಲ್ಲ, ಎರಡೂ ಗಾಡಿ ಸರಿಸಮಕ್ಕೆ ಇವೆ ಎಂದರೆ ಒಳ್ಳೆಯ ತಕರಾರು. ಪಕ್ಕದ ಗಾಡಿ ತುಂಬಾ ಹಿಂದೆ ಚಿಕ್ಕದಾಗಿ ಕಾಣುತ್ತಿದ್ದರೆ ಅಷ್ಟೇನೂ ಅಲ್ಲ. ಪೊಲೀಸರು ವೇಗ ಅಳೆಯಲು ನಿಲ್ಲಿಸುವ ಇಂಟರ್‌ಸೆಪ್ಟರ್ ವಾಹನದಲ್ಲಿ ಬಳಸುವ ಲೇಸರ್ ಗನ್ನಿನ ಕಿರಣವಾದರೋ 300 ಮೀಟರ್ ದೂರದಲ್ಲೂ ಹೆಚ್ಚುಕಡಿಮೆ ಒಂದು ಮೀಟರ್ ಅಗಲ ಮಾತ್ರ. ಅಲ್ಲಿ ‘ಪಕ್ಕದವನದ್ದು’ ಎನ್ನುವ ವಾದ ದುರ್ಬಲ.

ಕೋನದ ವಾದವನ್ನು ಜಾಗ್ರತೆಯಿಂದ ಬಳಸಿ. ರಸ್ತೆಗೆ ಓರೆಯಾಗಿ ಇಟ್ಟ ರಾಡಾರ್ ಮೂಲದಲ್ಲಿ ವೇಗವನ್ನು ಕಡಿಮೆಯೇ ಅಳೆಯುತ್ತದೆ, 20 ಡಿಗ್ರಿ ಓರೆಗೆ ಸುಮಾರು ಶೇ. 6 ಕಡಿಮೆ. ಸ್ಥಿರ ಯಂತ್ರ ಆ ಕೊರತೆಯನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. 22 ಡಿಗ್ರಿ ಎಂದು ನಮೂದಿಸಿ 18 ಡಿಗ್ರಿಗೆ ಕೂರಿಸಿದ್ದರೆ ಮಾತ್ರ 100ನ್ನು 102.6 ಎಂದು ಹೆಚ್ಚಿಗೆ ತೋರಿಸೀತು. ಈ ಲೆಕ್ಕದಲ್ಲಿ 74 ಎಂದರೆ 72. ಮಿತಿ 60 ಇರುವಾಗ ಇದರಿಂದ ನಿಮಗೆ ಏನೂ ದಕ್ಕುವುದಿಲ್ಲ. 61 ತೋರಿಸಿದ್ದರೆ ಮಾತು ಬೇರೆ.

ರಾಡಾರ್ ವೇಗಮಾಪಕಗಳ ಪರಿಶೀಲನೆ ಮತ್ತು ಮುದ್ರೆಯ ಬಗ್ಗೆ 2025ರಲ್ಲಿ ಲೀಗಲ್ ಮೆಟ್ರಾಲಜಿ (ಕಾನೂನು ಮಾಪನ) ನಿಯಮಗಳಲ್ಲಿ ಪ್ರತ್ಯೇಕ ಭಾಗವೇ ಬಂದಿದೆ. ಪರಿಶೀಲನಾ ಪ್ರಮಾಣಪತ್ರದ ದಿನಾಂಕ, ಯಂತ್ರದ ಸೀರಿಯಲ್ ನಂಬರ್ ಎರಡನ್ನೂ ಕೇಳಿ, ಚಲನ್‌ನಲ್ಲಿರುವ ಯಂತ್ರದ ಗುರುತಿಗೆ ತಾಳೆ ನೋಡಿ. ಪತ್ರ ಇದ್ದು ಯಂತ್ರ ಬೇರೆಯಾಗಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ.

ವಾಕಡ್ ಸವಾರ:

ತುಂಬಾ ಉಪಕಾರವಾಯಿತು. ಚಲನ್‌ನಲ್ಲಿ ಸರಾಸರಿಯೋ ಬಿಂದುವೋ ಎಂದು ಬರೆದಿಲ್ಲ. ಫೋಟೋದಲ್ಲಿ ಪಕ್ಕದ ಗಾಡಿ ನಮ್ಮ ಗಾಡಿಗೆ ಬಹುತೇಕ ಸಮಕ್ಕೇ ಇದೆ, ಚೌಕದ ಗುರುತು ಕಾಣುತ್ತಿಲ್ಲ. ಈ ಮಾಹಿತಿಯನ್ನೆಲ್ಲ ಯಾರನ್ನು, ಹೇಗೆ ಕೇಳಬೇಕು? ಕೇಸು ಯಾವ ಕೋರ್ಟಿಗೆ ಬರುತ್ತದೆ?

ವಿಜಾಪುರ ಟು ಭೋಸರಿ:

ನೋಡ್ರಿ, ಮೊದ್ಲ ಒಂದು ಮಾತು. ವಾಟ್ಸಾಪ್‌ನಾಗ ‘ಚಲನ್’ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕೋ ಫೈಲು) ಬಂದಿದ್ರ ಅದನ್ನ ಮುಟ್ಟಬ್ಯಾಡ್ರಿ, ಅದು ಬ್ಯಾಂಕಿನ ರೊಕ್ಕ ಹೊಡಿಯೋ ಮಂದಿದು. ಮಹಾಟ್ರಾಫಿಕ್ ಆ್ಯಪ್‌ನಾಗ ಇಲ್ಲಾ ಮಹಾರಾಷ್ಟ್ರ ಪೊಲೀಸರ ಇ-ಚಲನ್ ಸೈಟಿನಾಗ ನೀವಾಗೇ ಹೋಗಿ ಗಾಡಿ ನಂಬರ್, ಚಾಸಿ ಇಲ್ಲಾ ಎಂಜಿನ್ ನಂಬರಿನ ಕಡೀ ನಾಕು ಅಂಕಿ ಹಾಕಿ ತೆಗೀರಿ. ಸೈಟಿನ ವಿಳಾಸ ‘ಜಿಒವಿ ಡಾಟ್ ಇನ್’ಗೆ ಮುಗೀಬೇಕು. ಅಲ್ಲಿ ಕಾಣ್ಸಲಿಲ್ಲಂದ್ರ ಆ ಮೆಸೇಜು ಖೊಟ್ಟಿ.

ಖರೇ ಚಲನ್ ಇದ್ರ ಅಲ್ಲೇ ಗ್ರೀವನ್ಸ್ (ತಕರಾರು ಅರ್ಜಿ) ಅಂತ ಅದ, ಕೋರ್ಟಿಗಿಂತ ಮೊದ್ಲ ಅದನ್ನ ಹಾಕ್ರಿ. ಬರೆಯೋದು ಚೊಕ್ಕ ಇರ್ಲಿ: ಚಲನ್ ನಂಬರ್, ತಾರೀಖು, ‘ಫೋಟೋದಾಗ ಎರಡು ಗಾಡಿ ಸಮಾಸಮ ಅವ, ಅಳತಿ ಯಾವುದರ್ದಂತ ಗುರುತಿಲ್ಲ, ಯಂತ್ರದ ಅನುಮೋದನಾ ಪತ್ರ ಕೊಡ್ರಿ’, ಮುಗೀತು. ‘ಮನ್ಯಾಗ ಅಡಚಣಿ ಇತ್ತು, ದವಾಖಾನಿಗೆ ಹೊಂಟಿದ್ವಿ’ ಅಂತ ಬರದ್ರಿ ಅಂದ್ರ ವೇಗ ಒಪ್ಪಿಕೊಂಡಂಗ ಆಗ್ತದ. ಫೋಟೋ ಮ್ಯಾಲ ಸುತ್ತ ಗೆರಿ ಹಾಕಿ ಅಪ್‌ಲೋಡ್ ಮಾಡ್ರಿ. ತಕರಾರು ಹಾಕೂಕಿಂತ ಮೊದ್ಲ ರೊಕ್ಕ ತುಂಬಬ್ಯಾಡ್ರಿ, ತುಂಬಿದ ಮ್ಯಾಲ ಕೇಳೂದೇನೂ ಉಳಿಯೂದಿಲ್ಲ. ಆದ್ರ ಚಲನ್ ಮ್ಯಾಲ ಗಡುವು ಬರೆದಿದ್ರ ಅದರೊಳಗ ಇದೆಲ್ಲಾ ಮುಗಿಸ್ರಿ.

ಮಾಹಿತಿ ಹಕ್ಕು ಅರ್ಜಿ ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಾಗ ಹಾಕ್ಲಿಕ್ಕೆ ಬರ್ತದ, ಫೀಸು 10 ರೂಪಾಯಿ, ಉತ್ತರಕ್ಕ 30 ದಿನ. ಮಹಾರಾಷ್ಟ್ರದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗ ಇರ್ಬೇಕಂತ ನಿಯಮ ಅದ. ಭಾಳ ಮಂದಿ ನಾಕು ಪುಟ ಬರದು ತಿರಸ್ಕಾರ ಮಾಡಿಸ್ಕೋತಾರ. ಎಕ್ಸ್‌ಪ್ರೆಸ್‌ವೇ ಹೈವೇ ಪೊಲೀಸರ ಹದ್ದಿನಾಗ ಬರ್ತದ, ಪುಣೆ ಶಹರ ಟ್ರಾಫಿಕ್‌ಗೆ ಕಳಿಸಿದ್ರ ಅರ್ಜಿ ಅಲ್ಲಿಂದಿಲ್ಲಿಗೆ ತಿರಗ್ತದ.

ಕೋರ್ಟು ತಪ್ಪು ನಡೆದ ಜಾಗದ್ದು, ನಿಮ್ಮ ಮನೀದಲ್ಲ. ಖೋಪೋಲಿ ಕಡೀ ಘಾಟು ರಾಯಗಡ ಜಿಲ್ಲಾ, ಖಾಲಾಪುರ ಕೋರ್ಟು. ಖಂಡಾಳಾ, ಲೋಣಾವಳಾ ಕಡೀದಾದ್ರ ಮಾವಳ ತಾಲೂಕು, ವಡಗಾವ್ ಕೋರ್ಟು. ಚಲನ್ ಮ್ಯಾಲ ಕಿಲೋಮೀಟರ್ ಕಲ್ಲಿನ ನಂಬರ್ ನೋಡಿ ಖಾತ್ರಿ ಮಾಡ್ಕೋರಿ. ವಾಕಡದಿಂದ ವಡಗಾವ್ ಸನೇದು, ಖಾಲಾಪುರ ಅಂದ್ರ ಪ್ರತಿ ತಾರೀಖಿಗೂ ಒಂದು ದಿನ ಹೋಯ್ತಂತನ ತಿಳೀರಿ.

ಲೋಕ ಅದಾಲತ್ ಬಗ್ಗೆ ಯಾರರ ಹೇಳ್ತಾರ. ಅದು ರಾಜಿ ಮಾಡ್ಕೊಳ್ಳೋ ಜಾಗ. ದಂಡ ಕಡಿಮಿ ಆಗಬಹುದು, ‘ನಂದು ತಪ್ಪಿಲ್ಲ’ ಅಂತ ವಾದ ಮಾಡೋ ಜಾಗ ಅಲ್ಲ. ಅಲ್ಲಿ ಆದ ತೀರ್ಮಾನಕ್ಕ ಅಪೀಲೂ ಇಲ್ಲ.

ಶಿವಾಜಿನಗರ ವಕೀಲ:

ವಿಜಾಪುರದವರು ಹೇಳಿದ ಗಡುವಿನ ಮಾತು ಮರೆಯಬೇಡಿ. ಫೋಟೋದ ಬಗ್ಗೆ ನೀವು ಈಗ ಹೇಳಿದ್ದು ಕೇಳಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಗ್ರೀವನ್ಸ್ ಇಂದೇ ಹಾಕಿ, ಅದರಲ್ಲೇ ಬಿಂದುವೇಗವೋ ಸರಾಸರಿಯೋ ಎಂದು ಕೇಳಿ. ಸರಾಸರಿ ಎಂದು ಉತ್ತರ ಬಂದು ಅಂತರ ಕಿಲೋಮೀಟರುಗಟ್ಟಲೆ ಇದ್ದರೆ ದಂಡ ಕಟ್ಟಿ, ಖಾಲಾಪುರಕ್ಕೆ ಓಡಾಡುವಷ್ಟು ಹುರುಳು ಅದರಲ್ಲಿಲ್ಲ. ಬಿಂದುವೇಗ ಎಂದರೆ ಅಥವಾ ಸರಿಯಾದ ಉತ್ತರವೇ ಬಾರದೆ ತಿರಸ್ಕಾರವಾದರೆ ಕೋರ್ಟಿನಲ್ಲಿ ತಕರಾರು ಎತ್ತಿ, ಅದಕ್ಕೆ ಈಗಿನ ನಿಯಮದಲ್ಲಿರುವ ಗಡುವನ್ನು ಮೊದಲೇ ನೋಡಿಕೊಳ್ಳಿ. ಸಮನ್ಸ್ ಬಂದ ಮೇಲೆ ಗೈರುಹಾಜರಾಗುವಂತಿಲ್ಲ. 208ನೇ ಸೆಕ್ಷನ್ನಿನಂತೆ ವಕೀಲರ ಮೂಲಕ ಹಾಜರಾಗಬಹುದೆಂದು ಸಮನ್ಸ್‌ನಲ್ಲೇ ಬರೆದಿದ್ದರೆ ವಕಾಲತ್ತು ಹಾಕಿಸಿ. ಇಲ್ಲವಾದರೆ ಖುದ್ದು ಹೋಗಿ, ಮುಂದಿನ ತಾರೀಖುಗಳಿಗೆ ಹಾಜರಿಯ ವಿನಾಯಿತಿ ಕೇಳಿ ಅರ್ಜಿ ಕೊಡಿ.

ಆರೋಪ ಓದಿ ಹೇಳಿದಾಗ ಒಂದೇ ಉತ್ತರ: ಒಪ್ಪುವುದಿಲ್ಲ, ವಿಚಾರಣೆ ಆಗಲಿ. ಅಲ್ಲಿ ದೊಡ್ಡ ವಿವರಣೆ ಬೇಡ. ಪಾಟೀ ಸವಾಲಿನಲ್ಲಿ ಕೇಳಬೇಕಾದ್ದೂ ನಾಲ್ಕೇ ನಾಲ್ಕು: ಯಂತ್ರದ ಅನುಮೋದನೆ ಆ ದಿನಕ್ಕೆ ಜಾರಿಯಲ್ಲಿತ್ತೇ, ಈ ಎರಡು ಗಾಡಿಗಳಲ್ಲಿ 74 ಯಾವುದರದ್ದೆಂದು ದಾಖಲೆಯಲ್ಲಿ ಎಲ್ಲಿದೆ, ಎಚ್ಚರಿಕೆ ಫಲಕ ಎಷ್ಟು ಮೊದಲು ಇತ್ತು, ಪ್ರಮಾಣಪತ್ರಕ್ಕೆ ಸಹಿ ಹಾಕಿದವರಿಗೆ ಆ ಅಧಿಕಾರ ಯಾವ ಆದೇಶದಿಂದ ಬಂತು. 183(3)ರ ಪ್ರಕಾರ ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಅತಿವೇಗಕ್ಕೆ ಶಿಕ್ಷೆ ಕೊಡುವಂತಿಲ್ಲ, ಆ ಅಂದಾಜು ಯಂತ್ರದ ಅಳತೆಯ ಮೇಲೆ ನಿಂತಿರಬೇಕು. ನಿಮ್ಮ ಫೋಟೋದಲ್ಲಿ ಅಳತೆ ಯಾವ ಗಾಡಿಯದ್ದು ಎಂಬುದೇ ಪ್ರಶ್ನೆ. ಚಲನ್‌ನ ಮೂಲ ಫೋಟೋವನ್ನು ಈಗಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಎಸ್ಸೆಮ್ಮೆಸ್ ಬಂದ ತಾರೀಖು ಕಾಣುವ ಸ್ಕ್ರೀನ್‌ಶಾಟನ್ನೂ ಜೊತೆಗಿಡಿ, 15 ದಿನದ ಲೆಕ್ಕಕ್ಕೆ ಬೇಕಾಗುತ್ತದೆ.

ಕಾಳೆವಾಡಿ ಟೂರಿಸ್ಟ್:

ಹಳದಿ ಬೋರ್ಡಿನವರು ಯಾರಾದರೂ ಇದನ್ನು ಓದುತ್ತಿದ್ದರೆ: 183ನೇ ಸೆಕ್ಷನ್ನಿನಲ್ಲಿ ಕೆಲಸಕ್ಕಿಟ್ಟುಕೊಂಡ ಡ್ರೈವರನಿಂದ ಅತಿವೇಗದಲ್ಲಿ ಓಡಿಸುವ ಮಾಲೀಕರ ಹೊಣೆಯೂ ಸೇರಿದೆ. ಚಲನ್ ಬಂದ ಕೂಡಲೇ ಮಾಲೀಕರು ಹಣ ಕಟ್ಟಿ ಡ್ರೈವರನ ಸಂಬಳದಲ್ಲಿ ಮುರಿದುಕೊಳ್ಳುವುದು ಪುಣೆಯಲ್ಲಿ ನಡೆದುಕೊಂಡು ಬಂದಿದೆ, ಡ್ರೈವರನಿಗೆ ಫೋಟೋ ಸಹ ತೋರಿಸುವುದಿಲ್ಲ. ಇದು ಅನ್ಯಾಯ. ಎರಡನೇ ಚಲನ್‌ಗೆ ಲೈಸೆನ್ಸ್ ಕಳೆದುಕೊಳ್ಳುವವನು ಅವನು. ಕಟ್ಟುವ ಮೊದಲು ಫೋಟೋ ಮತ್ತು ಆ ಹೊತ್ತಿನ ಡ್ಯೂಟಿ ಸ್ಲಿಪ್ ಎರಡನ್ನೂ ಅವನ ಮುಂದಿಟ್ಟು ಕೇಳಿ. ಗಾಡಿ ಆ ಹೊತ್ತಿನಲ್ಲಿ ಬೇರೆಲ್ಲೋ ಇತ್ತು ಎಂದಾದರೆ ನಂಬರ್ ಪ್ಲೇಟ್ ನಕಲಾಗಿರಬಹುದು. ಬಣ್ಣ, ಮಾಡೆಲ್, ಗಾಜಿನ ಮೇಲಿನ ಸ್ಟಿಕ್ಕರ್ ಹೋಲಿಸಿ, ಬೇರೆ ಟೋಲ್ ನಾಕೆಯ ಫಾಸ್ಟ್ಯಾಗ್ ದಾಖಲೆ, ಜಿಪಿಎಸ್ ವರದಿ ಸೇರಿಸಿ ಗ್ರೀವನ್ಸ್ ಹಾಕಿ, ಠಾಣೆಯಲ್ಲೂ ದೂರು ಕೊಡಿ. ಫಾಸ್ಟ್ಯಾಗ್ ದಾಖಲೆ ಇಲ್ಲಿಗೆ ಮಾತ್ರ ಉಪಯೋಗ. ಘಾಟಿನೊಳಗೆ ಎಷ್ಟು ವೇಗದಲ್ಲಿದ್ದಿರಿ ಎಂಬುದನ್ನು ಅದು ಹೇಳುವುದಿಲ್ಲ.