ಮಿಮಿಕ್ ಕರ್ಕೊಂಡು ಮಲೇನಿಯಾನ ಹೊಡೆದ್ರೆ ಗೆದ್ದಂಗಾ?

ಹೇಮಾವತಿ_ಗೇಮರ್ (ಹಾಸನ): ಎಲ್ಡನ್ ರಿಂಗ್‌ನಲ್ಲಿ (ವಿಡಿಯೋ ಗೇಮ್) ಕೊನೆಗೂ ಮಲೇನಿಯಾ ಬಿದ್ಲು ಗುರು, ಅದೇ ಆ ಕಷ್ಟದ ಬಾಸ್ ಶತ್ರು! ಮಿಮಿಕ್ ಟಿಯರ್ ಕರೆದೆ (ನನ್ನದೇ ನಕಲಾಗಿ ಪಕ್ಕ ನಿಂತು ಕಾದಾಡೋ ಆತ್ಮ), ಕೈಯಲ್ಲಿ ರಿವರ್ಸ್ ಆಫ್ ಬ್ಲಡ್ (Rivers of Blood) ಕತ್ತಿ. ಅವಳು ಮಿಮಿಕ್ ಕಡೆ ತಿರುಗಿದಾಗೆಲ್ಲ ಹಿಂದಿಂದ ಕೊಯ್ದೆ. ಎರಡನೇ ಹಂತದಲ್ಲಿ ರೆಕ್ಕೆ ಬಿಚ್ಕೊಂಡು ಮೇಲಿಂದ ಬೀಳ್ತಾಳಲ್ಲ, ಆಗ ಓಡಿ ದೂರ ನಿಂತೆ, ಅಷ್ಟೇ. ಒದ್ದಾಡ್ತಿರೋರು ಹಿಂಗೇ ಮಾಡಿ.

ಕಾಫಿ_ಹೂವು (ಚಿಕ್ಕಮಗಳೂರು): "ಬಿದ್ಲು" ಅಲ್ಲ ಮಾರಾಯ, ಮಿಮಿಕ್ ಬೀಳಿಸ್ತು. ನೀನು ಪ್ರೇಕ್ಷಕ. ಮುಳ್ಳಯ್ಯನಗಿರಿಗೆ ಜೀಪಲ್ಲಿ ಹೋಗಿ ಸೆಲ್ಫಿ ಹಾಕೋದೂ ಸರ್ಪದಾರಿಯಲ್ಲಿ ಹತ್ತೋದೂ ಒಂದೇನಾ?

ಹೇಮಾವತಿ_ಗೇಮರ್: ಪ್ರೇಕ್ಷಕನಾ? ಮಿಮಿಕ್ ಕರೆಯೋಕೆ 660 ಎಚ್‌ಪಿ ನನ್ನ ಜೀವದಿಂದ್ಲೇ ಕಟ್ ಆಗುತ್ತೆ. ಆಟ ಮಾಡಿದೋರೇ ಶುರುವಲ್ಲೇ ಚರ್ಚ್ ಆಫ್ ಎಲೆಹ್‌ನಲ್ಲಿ ಆತ್ಮ ಕರೆಯೋ ಗಂಟೆ ಕೊಡ್ತಾರೆ. ಬಾರಿಸ್ಬೇಡಿ ಅಂತ ಕೊಟ್ಟಿದ್ದಾ?

ಬೇಲೂರು_ಬಾಸ್: "ಆಟ ಮಾಡಿದೋರೇ" ಅಂತೀಯ. ಆಟ ಬಂದಿದ್ದು 2022ರ ಫೆಬ್ರವರಿ 25ಕ್ಕೆ. ತಿಂಗಳು ತುಂಬೋ ಮೊದ್ಲೇ 1.03 ಪ್ಯಾಚಲ್ಲಿ (ಆಟದ ಅಪ್ಡೇಟ್) ಮಿಮಿಕ್‌ನ ಏಟು ತಗ್ಗಿಸಿದ್ದೂ ಅವರೇ. ಯಾಕಪ್ಪ?

ಏಲಕ್ಕಿ_ತೋಟ (ಸಕಲೇಶಪುರ): ತಗ್ಗಿಸಿದ್ರು, ತೆಗೆದುಹಾಕ್ಲಿಲ್ವಲ್ಲ. ಮಿಮಿಕ್ ಇದ್ರೆ ಸುಲಭ ಅನ್ನೋದೇ ಸುಳ್ಳು. ಮಲೇನಿಯಾಳ ಏಟು ಯಾರಿಗೆ ತಗುಲಿದ್ರೂ ಅವಳ ಜೀವ ಏರುತ್ತೆ, ಗುರಾಣಿ ಅಡ್ಡ ಹಿಡಿದ್ರೂ ಏರುತ್ತೆ. ವಾಟರ್‌ಫೌಲ್ ಡ್ಯಾನ್ಸಿಗೆ (ಗಾಳಿಗೆ ಎದ್ದು ಸರಸರ ಕೊಯ್ಯೋ ಅವಳ ಏಟು) ಮಿಮಿಕ್ ಸಿಕ್ಕಾಕೊಂಡ್ರೆ ಕೊಯ್ದಿದ್ದೆಲ್ಲ ವಾಪಸ್. ಅಂದಹಾಗೆ, ಜೀಪಲ್ಲಿ ತುದಿಗೆ ಹೋದೋನೂ ನಿಲ್ಲೋದು ಅದೇ 1,930 ಮೀಟರ್ ಮೇಲೆ ತಾನೆ?

ಕಾಫಿ_ಹೂವು: ಜೀಪಲ್ಲಿ ತುದಿಗೆ?? ಎಂತ ಮಾತಾಡ್ತೀಯ. ರಸ್ತೆ ಕೆಳಗೇ ಮುಗಿಯುತ್ತೆ, ಆಮೇಲೆ ಮೆಟ್ಟಿಲು. ಜಾಗ ನೋಡ್ದೆ ಬರೀಬೇಡ.

ಏಲಕ್ಕಿ_ತೋಟ: ಮೆಟ್ಟಿಲು ಹತ್ತೋದೂ ಹತ್ತೋದೇ, ಅಲ್ಲಿಗೆ ನನ್ನ ಮಾತು ನೀನೇ ಒಪ್ದಂಗಾಯ್ತು. ನಮ್ಮ ಜೇನುಕಲ್ಲು ಗುಡ್ಡಕ್ಕೆ ಬಾ, ರಾಜ್ಯದ ಎರಡನೇ ಎತ್ತರದ ಬೆಟ್ಟ.

ಕಳಸದ_ಹುಡುಗ: ಎರಡನೇದಾ!! ಕುದುರೆಮುಖ 1,894 ಮೀಟರ್. ನಿಮ್ಮ ಗುಡ್ಡ ಅದರ ಹತ್ರಾನೂ ಬರಲ್ಲ.

ಏಲಕ್ಕಿ_ತೋಟ: ನೆಟ್ಟಲ್ಲಿ ಹಂಗೇ ಐತೆ.

ಕಾಫಿ_ಹೂವು: ಕುದುರೆಮುಖಾನೂ ಎರಡನೇದಲ್ಲ. ಬಾಬಾಬುಡನ್‌ಗಿರಿ 1,895.

ಕಳಸದ_ಹುಡುಗ: ಒಂದು ಮೀಟರ್‌ಗೆ ಜಗಳಾನಾ? ಅಳೆದೋರು ಎಲ್ಲಿ ನಿಂತು ಅಳೆದ್ರೋ. ಎರಡೂ ನಮ್ಮ ಜಿಲ್ಲೇದೇ, ನೀನ್ಯಾಕೆ ಅವನ ಪರ ಮಾತಾಡ್ತಿದ್ದೀಯ?

ಕಾಫಿ_ಹೂವು: ಯಾರ ಪರಾನೂ ಅಲ್ಲ. ಲೆಕ್ಕ ಅಂದ್ರೆ ಲೆಕ್ಕ.

ಬೇಲೂರು_ಬಾಸ್: ಬೆಟ್ಟ ಬಿಟ್ಟು ಇಳೀರಪ್ಪ. "ಕೊಯ್ದಿದ್ದೆಲ್ಲ ವಾಪಸ್" ಅಂದ್ರಲ್ಲ, ಅವಳು ಗಾಳಿಗೆ ಎದ್ದಾಗ ಫ್ರೀಜಿಂಗ್ ಪಾಟ್ (ಹಿಮ ಹಿಡಿಸೋ ಮಡಕೆ) ಎಸೆದ್ರೆ ಆ ಡ್ಯಾನ್ಸ್ ಅಲ್ಲೇ ನಿಲ್ಲುತ್ತೆ. ಮಿಮಿಕ್ ಯಾಕೆ ಬೇಕು? ತಲೆಗೆ ಮಡಕೆ, ಮೈಮೇಲೆ ಕವಚ ಇಲ್ಲ, ಎರಡು ಕತ್ತಿ. ಹಂಗೇ 'ಲೆಟ್ ಮಿ ಸೋಲೋ ಹರ್' ಅನ್ನೋ ಆಟಗಾರ ಅವಳನ್ನ ಸಾವಿರಾರು ಸಲ ಉರುಳಿಸಿದ.

ಹೇಮಾವತಿ_ಗೇಮರ್: ಹಹಹ, ಒಳ್ಳೆ ಸಾಕ್ಷಿ ತಂದೆ! ಅವನು ಹೊಡೆದಿದ್ದು ಬೇರೆಯವರ ಆಟಕ್ಕೆ ಹೋಗಿ, ಅವರು ಕರೆದ್ರು ಅಂತ. ಕರೆದೋರೆಲ್ಲ ಪ್ರೇಕ್ಷಕರಾ?

ಬೇಲೂರು_ಬಾಸ್: ನಾನು ಹೇಳಿದ್ದು ಅವನ ಕೈಚಳಕದ ಬಗ್ಗೆ.

ಕಾಫಿ_ಹೂವು: ಕೈಚಳಕ ಅಂದ್ರಲ್ಲ, ಅದೇ ವಿಷಯ. ರಿವರ್ಸ್ ಆಫ್ ಬ್ಲಡ್ ಹಿಡಿದು ಒಂದೇ ಬಟನ್ ಒತ್ತೋದ್ರಲ್ಲಿ ಎಂತ ಚಳಕ?

ಏಲಕ್ಕಿ_ತೋಟ: ಜೇನುಕಲ್ಲಿನ ಎತ್ತರ ಎಷ್ಟು ಅಂತ ಇನ್ನೂ ಯಾರೂ ಹೇಳ್ಲಿಲ್ಲ.

ಕಳಸದ_ಹುಡುಗ: ಎರಡನೇದು ಅಂದೋನು ನೀನು. ನೀನೇ ಹೇಳು.

ಏಲಕ್ಕಿ_ತೋಟ: ಹತ್ತಿ ನೋಡು, ಕಾಲಿಗೆ ಗೊತ್ತಾಗುತ್ತೆ.

ಕಾಫಿ_ಹೂವು: @ಹೇಮಾವತಿ_ಗೇಮರ್ ಧೈರ್ಯ ಇದ್ರೆ ಒಬ್ಬನೇ ಹೊಡೆದು ವಿಡಿಯೋ ಹಾಕು.

ಹೇಮಾವತಿ_ಗೇಮರ್: ನೀನು ಮೊದ್ಲು ಹಾಕು. ಇಷ್ಟೊತ್ತು ಕೊರೆದೆ, ನೀನು ಅವಳನ್ನ ಹೊಡೆದಿದ್ದೀಯ ಅಂತ ಮಾತ್ರ ಎಲ್ಲೂ ಬರೆದಿಲ್ಲ.

ಕಾಫಿ_ಹೂವು: ಇಲ್ಲಿ ಮಳೆ ಹಿಡ್ಕೊಂಡಿದೆ, ಕರೆಂಟ್ ಇಲ್ಲ. ಬಂದ್ಮೇಲೆ ಹಾಕ್ತೀನಿ.